ಅಕ್ಕೋರ ಬೇವಿನ ಮರಕ್ಕೆ ಬೆಲೆ ಕಟ್ಟಿದ್ದು: ರಾಯಚೂರಿನ ಒಂದು ಪ್ರಕರಣ

2025ರ ಯುಗಾದಿಗೆ ಇನ್ನೂ ಹತ್ತು ದಿನ ಇತ್ತು. ಬೆಳಿಗ್ಗೆ ನರ್ಸರಿಯಲ್ಲಿ ನೀರು ಬಿಡ್ತಿದ್ದೆ, ಅಕ್ಕೋರ ಫೋನ್ ಬಂತು. "ಬೇವಿನ ಮರ ಕಡದ್ಬಿಟ್ಟಾರಪ್ಪಾ, ಬಂದು ನೋಡು" ಅಂದರು. ಅಷ್ಟೇ ಮಾತು. ಆಮೇಲೆ ಅವರಿಗೆ ಮಾತು ಹೊರಡಲಿಲ್ಲ.

ಅಕ್ಕೋರು ಅಂದರೆ ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಕರೆಯೋ ಹೆಸರು. ಇವರು ಪ್ರೈಮರಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ರಾಯಚೂರು ಊರಿನ ಅಂಚಿನಲ್ಲಿ ಹಳೇ ಲೇಔಟ್ ಒಂದರಲ್ಲಿ ಅವರ ಮನೆ. ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಸಿಂಧನೂರಿಗೆ ಹೋಗಿ ನಾಲ್ಕು ದಿನ ಇದ್ದು ಬಂದಿದ್ದರು. ಗೇಟು ತೆಗೆದ ಕೂಡಲೇ ಅಂಗಳದಲ್ಲಿ ಬಿಸಿಲು ಬಿದ್ದಿರೋದು ಕಂಡಿತಂತೆ. ಮರ ಇಲ್ಲ ಅನ್ನೋದು ಆಮೇಲೆ ತಿಳಿದದ್ದು.

ಪಕ್ಕದ ಸೈಟು ಹತ್ತು ಹದಿನೈದು ವರ್ಷದಿಂದ ಖಾಲಿ ಬಿದ್ದಿತ್ತು. ತುಂಬಾ ಬಳ್ಳಾರಿ ಜಾಲಿ. ಅದನ್ನು ಹೊಸದಾಗಿ ಕೊಂಡವರು ಹೈದರಾಬಾದಿನಲ್ಲಿ ಕೆಲಸ ಮಾಡೋರು. ಮನೆ ಕಟ್ಟೋಕೆ ಮುಂಚೆ ಜಾಲಿ ಸ್ವಚ್ಛ ಮಾಡಿಸಲು ಒಬ್ಬ ಗುತ್ತಿಗೆದಾರರಿಗೆ ಫೋನಿನಲ್ಲೇ ಹೇಳಿದ್ದರು. ಕೆಲಸದವರು ಜೆಸಿಬಿ, ಮಷೀನ್ ಗರಗಸ ತಂದರು. ಎರಡು ಸೈಟಿನ ನಡುವೆ ನಿಲ್ಲಿಸಿದ್ದ ಶಹಾಬಾದ್ ಕಲ್ಲಿನ ಬೇಲಿ ಜಾಲಿಯೊಳಗೆ ಮುಚ್ಚಿಹೋಗಿತ್ತು. ಜೆಸಿಬಿ ಅದನ್ನು ಮುರಿದುಕೊಂಡೇ ಒಳಗೆ ಬಂದಿದೆ. ಬೇವು ಅಡ್ಡ ಸಿಕ್ಕಿತು. ಕಡಿದು, ಕಾಂಡ ಮತ್ತು ದಪ್ಪ ಕೊಂಬೆಗಳನ್ನು ಟ್ರ್ಯಾಕ್ಟರಿಗೆ ಹೇರಿ ಕಟ್ಟಿಗೆ ಅಡ್ಡೆಗೆ ಒಯ್ದರು. ಸಣ್ಣ ಕೊಂಬೆಗಳನ್ನು ಅಲ್ಲೇ ಬಿಟ್ಟು ಹೋದರು.

ನಾನು ಹೋದಾಗ ಅಕ್ಕೋರ ಮಗ ಗುತ್ತಿಗೆದಾರರ ಜೊತೆ ಫೋನಿನಲ್ಲಿ ಜೋರಾಗಿ ಮಾತಾಡ್ತಿದ್ದರು. ಅತ್ತ ಕಡೆಯವರು ಅಂದದ್ದು ನನಗೂ ಕೇಳಿಸಿತು: "ಗೊತ್ತಾಗಲಾರ್ದೆ ಆಗೈತ್ರಿ. ಕಟ್ಟಿಗಿ ರೇಟು ಐದು ಸಾವಿರ ಕೊಟ್ಟು ಬಿಡ್ತೀವಿ. ಆ ಬೊಡ್ಡಿನೂ ನಾಳೆ ಬಂದು ಕಿತ್ತು ಸಾಪ್ ಮಾಡ್ತೀವಿ, ಚಿಂತಿ ಮಾಡಬ್ಯಾಡ್ರಿ."

ನಾನು ಫೋನ್ ಇಸಕೊಂಡು ಒಂದೇ ಮಾತು ಹೇಳಿದೆ: "ಬೊಡ್ಡಿ ಮುಟ್ಟಬ್ಯಾಡ್ರಿ." ಈ ಪ್ರಕರಣದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ. ಕಡಿದ ಮರದ ಜಾತಿ, ದಪ್ಪ, ಆರೋಗ್ಯ, ನಿಂತ ಜಾಗ ಇಷ್ಟನ್ನೂ ಹೇಳೋಕೆ ಉಳಿದಿರೋದು ಆ ಬೊಡ್ಡೆ ಒಂದೇ. ಜೆಸಿಬಿ ಒಂದು ಸಲ ಬಂದು ಹೋದರೆ ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತೆ. ತಪ್ಪು ಮಾಡಿದವರು ಒಳ್ಳೇ ಮನಸ್ಸಿನಿಂದಲೇ ಸ್ವಚ್ಛ ಮಾಡಿಕೊಡ್ತೀವಿ ಅಂತಾರೆ. ಮನೆಯವರೂ ಆ ಬೊಡ್ಡೆ ನೋಡೋಕಾಗದೆ ಹೂಂ ಅಂತಾರೆ. ದಯವಿಟ್ಟು ಹೂಂ ಅನ್ನಬೇಡಿ.

ಮರ ಯಾವುದು?

ಅಕ್ಕೋರಿಗೆ ಈ ಪ್ರಶ್ನೆಯೇ ಅವಮಾನ ಅನ್ನಿಸಿತು. ಎಷ್ಟೋ ವರ್ಷ ಅದರ ಹೂವಿನಿಂದಲೇ ಯುಗಾದಿಗೆ ಬೇವು ಬೆಲ್ಲ ಮಾಡಿದವರು ಅವರು. ಆದರೆ ಎರಡನೇ ದಿನವೇ ಗುತ್ತಿಗೆದಾರರ ಮಾತು ತಿರುಗಿತು. ಮೊದಲು "ಜಾಲಿ ಜೊತೆ ಹೋಗೈತಿ" ಅಂದವರು, ಆಮೇಲೆ "ಅದು ಬೇವಲ್ಲ, ಹೆಬ್ಬೇವು. ಆರೇಳು ವರ್ಷದ್ದು" ಅನ್ನೋಕೆ ಶುರು ಮಾಡಿದರು. ಹೆಬ್ಬೇವು ಪ್ಲೈವುಡ್ಡಿಗೆ ಹೋಗೋ ಮರ. ಬೇಗ ದಪ್ಪ ಆಗುತ್ತೆ. ಆರೇಳು ವರ್ಷದ್ದು ಅಂದರೆ ನಂಬೋರು ನಂಬ್ತಾರೆ. ಮರದ ಜಾತಿ ಬದಲಾದರೆ ವಯಸ್ಸು, ಬೆಲೆ ಎರಡೂ ಕೆಳಗಿಳಿಯುತ್ತೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲೂ ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆ. ಹಾಗಾಗಿ ಕಾಗದದ ಮೇಲೆ ಜಾತಿ ಸಾಬೀತು ಮಾಡಲೇಬೇಕಾಯಿತು.

ನಾನು ಮಂಡಿಯೂರಿ ಕೂತು ಬೊಡ್ಡೆಯ ಸುತ್ತಲಿನ ಮಣ್ಣು ಕೈಯಿಂದ ಸರಿಸಿದೆ. ಮೇಲೆ ಗರಗಸದ ಪುಡಿ, ಅದರ ಕೆಳಗೆ ಒಣ ಎಲೆ, ಅದರ ಕೆಳಗೆ ಹೋದ ಮಳೆಗಾಲದ ಬೀಜಗಳು. ಬಿಳಿಚಿದ ಸಣ್ಣ ಓಟೆ, ಉದ್ದಕೆ, ಕಿರುಬೆರಳ ಉಗುರಿನಷ್ಟು. ಒಡೆದು ನೋಡಿದರೆ ಒಳಗೆ ಒಂದೇ ತಿರುಳು. ಹೆಬ್ಬೇವಿನ ಕಾಯಿ ಇದಕ್ಕಿಂತ ತುಂಬಾ ದೊಡ್ಡದು, ಓಟೆ ಕಲ್ಲಿನ ಹಾಗೆ ಗಟ್ಟಿ, ಅದರೊಳಗೆ ಬೇರೆ ಬೇರೆ ಕೋಣೆಗಳಿರುತ್ತವೆ. ಇಪ್ಪತ್ತು ಬೀಜ ಆರಿಸಿ ಒಂದು ಕವರಿಗೆ ಹಾಕಿ, ಮೇಲೆ ದಿನಾಂಕ ಬರೆದೆ.

ಬಿಟ್ಟು ಹೋದ ಕೊಂಬೆಗಳಲ್ಲಿ ಎಲೆ ಬಾಡಿತ್ತು, ಉದುರಿರಲಿಲ್ಲ. ಬೇವಿನಲ್ಲಿ ಒಂದು ಕಡ್ಡಿ, ಅದರ ಎರಡೂ ಬದಿಗೆ ಎಲೆ, ಅಷ್ಟೇ. ಎಲೆಯ ಅಂಚು ಗರಗಸದ ಹಲ್ಲಿನಂತೆ, ಬುಡ ಒಂದು ಕಡೆಗೆ ವಾಲಿರುತ್ತೆ. ಹೆಬ್ಬೇವಿನಲ್ಲಿ ಆ ಕಡ್ಡಿಯೇ ಮತ್ತೆ ಕವಲೊಡೆದು, ಕವಲಿಗೆ ಎಲೆ ಬರುತ್ತೆ. ಒಂದು ಸಲ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಮತ್ತೆ ತಪ್ಪಲ್ಲ. ನರ್ಸರಿಯಿಂದ ಹೆಬ್ಬೇವಿನ ಒಂದು ಕಡ್ಡಿ ತಂದು, ಎರಡನ್ನೂ ಬಿಳಿ ಹಾಳೆ ಮೇಲಿಟ್ಟು ಫೋಟೋ ತೆಗೆದೆವು.

ಬೊಡ್ಡೆಯ ಕೊಯ್ದ ಮುಖದಲ್ಲಿ ಹೊರಗಿನ ಉಂಗುರ ಬೆಳ್ಳಗೆ, ಒಳಗಿನ ಚೇಗು ಕೆಂಪು ಕಂದು. ತೊಗಟೆ ಅಂಚಿನಲ್ಲಿ ಜೇನಿನ ಬಣ್ಣದ ಅಂಟು ಹನಿಗಟ್ಟಿ ನಿಂತಿತ್ತು. ಮೂರು ವಾರ ಕಳೆದ ಮೇಲೆ ಬೊಡ್ಡೆಯ ತೊಗಟೆ ಸೀಳಿಕೊಂಡು ತಾಮ್ರದ ಬಣ್ಣದ ಚಿಗುರು ಹೊರಟಿತು. ಅದನ್ನು ನೋಡಿದ ಮೇಲೆ ಗುತ್ತಿಗೆದಾರರು ಹೆಬ್ಬೇವಿನ ಮಾತು ಬಿಟ್ಟರು.

ವಯಸ್ಸಿನ ಬಗ್ಗೆ ಒಂದು ಮಾತು. ಬೊಡ್ಡೆಯ ಉಂಗುರ ಎಣಿಸಿ ವರ್ಷ ಹೇಳಿ ಅಂತ ಸುಮಾರು ಜನ ಕೇಳ್ತಾರೆ. ಚಳಿಗಾಲದಲ್ಲಿ ಬೆಳವಣಿಗೆ ಪೂರ್ತಿ ನಿಲ್ಲೋ ದೇಶಗಳ ಮರಕ್ಕೆ ಆ ಲೆಕ್ಕ ಸರಿ. ನಮ್ಮ ಬೇವಿನಲ್ಲಿ ಉಂಗುರ ಮಸುಕು, ಒಂದು ವರ್ಷಕ್ಕೆ ಒಂದೇ ಅಂತಲೂ ಇಲ್ಲ. ನಾನು ಎಣಿಸಲಿಲ್ಲ. ಅಕ್ಕೋರ ಅತ್ತೆ 1983ರಲ್ಲಿ ನೆಟ್ಟದ್ದು, ಬಚ್ಚಲ ನೀರು ಹಾಯಿಸಿ ಬೆಳೆಸಿದ್ದು. 1998ರಲ್ಲಿ ಮಗಳ ಮದುವೆ ಹಂದರ ಹಾಕಿದ ಫೋಟೋದಲ್ಲಿ ಮರ ಮಾಳಿಗೆಗಿಂತ ಎತ್ತರ ಇದೆ. ಹಂದರದ ಒಂದು ಗಳ ಅದಕ್ಕೇ ಕಟ್ಟಿದ್ದಾರೆ. ಆರೇಳು ವರ್ಷದ ಮರ ಅನ್ನೋದಕ್ಕೆ ಆ ಒಂದು ಫೋಟೋ ಸಾಕಾಯಿತು.

ಜಾಗ ಯಾರದು ಅನ್ನೋದು ಬೇಗ ಮುಗಿಯಿತು. ಖರೀದಿ ಪತ್ರದ ಚಕ್ಕುಬಂದಿ, ಲೇಔಟ್ ನಕ್ಷೆ, ಎರಡು ಬಾಂದು ಕಲ್ಲು. ಲೈಸೆನ್ಸ್ ಇರೋ ಸರ್ವೇಯರ್ ಬಂದು ಅಳೆದರು. ಬೊಡ್ಡೆಯ ನಡುಮಧ್ಯ ಅಕ್ಕೋರ ಗಡಿಯಿಂದ ನಾಲ್ಕು ಅಡಿ ಒಳಗಿತ್ತು. ಓಣಿಯ ಇಬ್ಬರು ಹಿರಿಯರ ಸಹಿ ಹಾಕಿಸಿ ಪಂಚನಾಮೆ ಬರೆಸಿದೆವು.

ಇಲ್ಲದ ಮರವನ್ನು ಅಳೆಯೋದು

ಮರದ ದಪ್ಪವನ್ನು ಎದೆಮಟ್ಟದಲ್ಲಿ ಅಳೆಯೋದು ರೂಢಿ. ನೆಲದಿಂದ ನಾಲ್ಕೂವರೆ ಅಡಿ, ಅಂದರೆ 1.37 ಮೀಟರ್. ಈ ಮರ ಒಂದು ಅಡಿ ಎತ್ತರದಲ್ಲೇ ಹೋಗಿತ್ತು. ಅಲ್ಲಿ ಸುತ್ತಳತೆ 188 ಸೆಂಟಿಮೀಟರ್. ಬುಡ ಯಾವಾಗಲೂ ಮೇಲಿಗಿಂತ ದಪ್ಪ. ಅದನ್ನೇ ಹಿಡಿದರೆ ಬೆಲೆ ಜಾಸ್ತಿ ಬರುತ್ತೆ, ಎದುರಿನವರು ಅದನ್ನೇ ಎತ್ತಿ ತೋರಿಸಿ ಇಡೀ ಲೆಕ್ಕ ಸುಳ್ಳು ಅಂತಾರೆ.

ಅದಕ್ಕೆ ಅದೇ ಓಣಿಯ ಇನ್ನೂ ಮೂರು ಬೇವಿನ ಮರ ಅಳೆದೆ. ಪ್ರತಿಯೊಂದನ್ನೂ ಒಂದು ಅಡಿ ಎತ್ತರದಲ್ಲಿ ಒಂದು ಸಲ, ಎದೆಮಟ್ಟದಲ್ಲಿ ಒಂದು ಸಲ. ಒಂದರಲ್ಲಿ 142 ಇದ್ದದ್ದು ಮೇಲೆ 121. ಇನ್ನೊಂದರಲ್ಲಿ 175 ಇದ್ದದ್ದು 150. ಮೂರನೇದರಲ್ಲಿ 201 ಇದ್ದದ್ದು 170. ಮೂರರಲ್ಲೂ ಹೆಚ್ಚೂಕಮ್ಮಿ ನೂರಕ್ಕೆ 85. ಆ ಪ್ರಕಾರ ಅಕ್ಕೋರ ಮರದ ಎದೆಮಟ್ಟದ ಸುತ್ತಳತೆ 160 ಸೆಂಟಿಮೀಟರ್. ಗುತ್ತಿಗೆದಾರರ ಕಡೆಯವರನ್ನೂ ಕರೆದು ಟೇಪಿನ ಒಂದು ತುದಿ ಅವರ ಕೈಗೇ ಕೊಟ್ಟಿದ್ದೆ. ಹಾಗಾಗಿ ಮುಂದೆ ಅಳತೆ ಬಗ್ಗೆ ತಕರಾರು ಬರಲಿಲ್ಲ.

ನೆರಳಿನ ಹರವು ಗೊತ್ತಾಗಿದ್ದು ಗೂಗಲ್ ಅರ್ಥ್‌ನಲ್ಲಿ. ಅದರಲ್ಲಿ ಹಳೇ ವರ್ಷಗಳ ಚಿತ್ರವೂ ಸಿಗುತ್ತೆ. ಮಾಳಿಗೆ ಪಕ್ಕ ದುಂಡಗೆ ಹಸಿರು ಮಚ್ಚೆ, ಅಡ್ಡಳತೆ ಸುಮಾರು 10 ಮೀಟರ್. ಅಂಗಳ, ಅಡುಗೆಮನೆಯ ತಗಡು, ನೀರಿನ ತೊಟ್ಟಿ ಎಲ್ಲ ಅದರ ಕೆಳಗೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟೋ ಊರು ನಮ್ಮದು. ಆ ತಗಡಿನ ಕೆಳಗೆ ನಿಂತು ರೊಟ್ಟಿ ಬಡಿಯೋರಿಗೆ ಈ ಮಚ್ಚೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಬೆಲೆ

ಮೊದಲು ಕಟ್ಟಿಗೆ ಲೆಕ್ಕ ನೋಡೋಣ. ಅಡ್ಡೆಯಲ್ಲಿ ವಿಚಾರಿಸಿದೆವು. ಒಯ್ದದ್ದು ಸುಮಾರು ಒಂದೂವರೆ ಟನ್, ಟನ್ನಿಗೆ 3,000 ಅಂದರು. 4,500 ರೂಪಾಯಿ. ಗುತ್ತಿಗೆದಾರರು ಹೇಳಿದ ಐದು ಸಾವಿರ ಆ ಲೆಕ್ಕಕ್ಕೆ ಮೋಸ ಅಲ್ಲ. ಆದರೆ ಅಕ್ಕೋರು ಕಟ್ಟಿಗೆ ಮಾರೋಕೆ ಮರ ಸಾಕಿರಲಿಲ್ಲ. ಅವರ ಅಂಗಳದಿಂದ ಹೋದದ್ದು ನಿಂತ ಮರ. ಅದಕ್ಕೆ ನಿಂತ ಮರದ ಲೆಕ್ಕವೇ ಬೇಕು.

ಇನ್ನೊಂದು ಕಡೆಯಿಂದ ಅಕ್ಕೋರ ಮಗ ಒಂದು ಸುದ್ದಿ ಹಿಡಿದು ಬಂದರು. ಸುಪ್ರೀಂ ಕೋರ್ಟ್ ನೇಮಿಸಿದ ತಜ್ಞರ ಸಮಿತಿ ಒಂದು ಮರದ ಬೆಲೆ ವರ್ಷಕ್ಕೆ 74,500 ರೂಪಾಯಿ ಅಂದಿದೆ, ನಮ್ಮದು 42 ವರ್ಷದ್ದು, 31,29,000 ಆಗುತ್ತೆ ಅಂತ. ಆ ವರದಿ ಇದೆ ನಿಜ. 2021ರಲ್ಲಿ ಸುದ್ದಿಯಾಯಿತು. ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ ಹಳೇ ಮರ ಕಡಿಯೋ ಪ್ರಕರಣದಲ್ಲಿ ಬಂದದ್ದು. ಅದರಲ್ಲಿ ದೊಡ್ಡ ಪಾಲು ಆಮ್ಲಜನಕದ್ದೇ, 45,000. ಅದು ಊರಿಗೆಲ್ಲ ಸಿಗೋ ಲಾಭದ ಲೆಕ್ಕ. ಒಬ್ಬ ಮಾಲೀಕರಿಗೆ ಆದ ನಷ್ಟ ಅಂತ ಅದನ್ನೇ ಕೇಳಿದರೆ ಎದುರಿನವರು ಕುರ್ಚಿ ಬಿಟ್ಟು ಎದ್ದು ಹೋಗ್ತಾರೆ. ಮಗನಿಗೆ ಬೇಜಾರಾಯಿತು. ಆದರೂ ಆ ಅಂಕಿಯನ್ನು ನಾನು ನನ್ನ ಬೆಲೆ ವರದಿಯಲ್ಲಿ ಬರೆಯಲಿಲ್ಲ.

ಸರ್ಕಾರ ರಸ್ತೆಗೋ ಕಾಲುವೆಗೋ ಭೂಮಿ ತಗೊಂಡಾಗ ಮರಕ್ಕೂ ಬೆಲೆ ಕಟ್ಟುತ್ತೆ. 2013ರ ಭೂಸ್ವಾಧೀನ ಕಾಯ್ದೆಯ 29ನೇ ಕಲಂನಲ್ಲಿ, ಮರಗಿಡದ ಬೆಲೆಗೆ ಕೃಷಿ, ಅರಣ್ಯ, ತೋಟಗಾರಿಕೆ ಬಲ್ಲವರ ಸಹಾಯ ಪಡೆಯಬಹುದು ಅಂತ ಇದೆ. ಆದರೆ ಅಂಥ ಪಟ್ಟಿಗಳಲ್ಲಿ ಹಣ್ಣಿನ ಮರಕ್ಕೆ ಫಸಲು, ನಾಟಾ ಮರಕ್ಕೆ ದಿಮ್ಮಿ ನೋಡೋದೇ ಜಾಸ್ತಿ. ಅಂಗಳದ ನೆರಳಿನ ಮರ ಎರಡಕ್ಕೂ ಸೇರಲ್ಲ.

ಕೊನೆಗೆ ನಾನು ಹಿಡಿದದ್ದು ಅಮೆರಿಕದವರು ಅಂಗಳದ ಮರಗಳಿಗೆ ಬಳಸೋ ಟ್ರಂಕ್ ಫಾರ್ಮುಲಾ. ಅಲ್ಲಿ ಕೌನ್ಸಿಲ್ ಆಫ್ ಟ್ರೀ ಅಂಡ್ ಲ್ಯಾಂಡ್‌ಸ್ಕೇಪ್ ಅಪ್ರೇಸರ್ಸ್ ಅಂತ ಒಂದು ಮಂಡಳಿ ಇದೆ, ಅವರು ತರೋ ಕೈಪಿಡಿಯಲ್ಲಿ ಈ ವಿಧಾನ ಇದೆ. ನಮ್ಮ ಕೋರ್ಟು ಇದನ್ನು ಒಪ್ಪಲೇಬೇಕು ಅಂತೇನಿಲ್ಲ. ನಾನು ಇದನ್ನು ಆರಿಸಿದ್ದು ಯಾಕಂದರೆ ಪ್ರತಿ ಹೆಜ್ಜೆಯೂ ಎದುರಿನವರಿಗೆ ಕಾಣುತ್ತೆ, ಅವರೇ ಕೂಡಿ ಕಳೆದು ನೋಡಬಹುದು.

ಅದರ ಒಳತಿರುಳು ಸರಳ. ಅಷ್ಟು ದೊಡ್ಡ ಮರ ಯಾವ ನರ್ಸರಿಯಲ್ಲೂ ಸಿಗಲ್ಲ. ಸಿಗೋದರಲ್ಲಿ ದೊಡ್ಡ ಗಿಡದ ಬೆಲೆ ತಗೊಂಡು, ಅದರ ಕಾಂಡದ ಒಂದೊಂದು ಚದರ ಸೆಂಟಿಮೀಟರಿಗೆ ಎಷ್ಟು ಬಿತ್ತು ಅಂತ ನೋಡಬೇಕು. ಆ ದರವನ್ನು ಹೋದ ಮರದ ಕಾಂಡಕ್ಕೆ ಹಚ್ಚಬೇಕು. ಆಮೇಲೆ ಮರದ ಕುಂದುಕೊರತೆಗೆ ತಕ್ಕಂತೆ ಇಳಿಸಬೇಕು.

ದೊಡ್ಡ ಗಿಡ ಬೇಕಾದಾಗ ನಾನು ಆಂಧ್ರದ ಕಡಿಯಂ ನರ್ಸರಿಗಳಿಂದ ತರಿಸ್ತೀನಿ. ಈ ಲೆಕ್ಕಕ್ಕೆ ನನ್ನದೇ ದರ ಹಾಕಿದರೆ ಸರಿ ಹೋಗಲ್ಲ. ಅದಕ್ಕೆ ಬೇರೆ ಇಬ್ಬರ ಹತ್ತಿರ ಬರೆದ ಕೊಟೇಶನ್ ತರಿಸಿ, ಕಡಿಮೆ ಇದ್ದದ್ದನ್ನು ತಗೊಂಡೆ. 30 ಸೆಂಟಿಮೀಟರ್ ಸುತ್ತಳತೆಯ ಬೇವು, 7,200 ರೂಪಾಯಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ 12.57ರಿಂದ ಭಾಗಿಸಿದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಬರುತ್ತೆ. ಗಿಡದ್ದು 72 ಚದರ ಸೆಂಟಿಮೀಟರ್. ಅಲ್ಲಿಗೆ ಒಂದಕ್ಕೆ 100 ರೂಪಾಯಿ. ಅಕ್ಕೋರ ಮರದ್ದು 160ನ್ನು 160ರಿಂದ ಗುಣಿಸಿ 12.57ರಿಂದ ಭಾಗಿಸಿದರೆ 2,037. ಅಂದರೆ 2,03,700 ರೂಪಾಯಿ.

ಇನ್ನು ಇಳಿಸೋದು. ಇಲ್ಲಿ ಪ್ರಾಮಾಣಿಕತೆ ಬೇಕು. ಬೊಡ್ಡೆಯಲ್ಲಿ ಪೊಳ್ಳು, ಕೊಳೆ ಇರಲಿಲ್ಲ, ಗೆದ್ದಲೂ ಇರಲಿಲ್ಲ. ಆದರೆ ಮಳೆಗಾಲದ ಹೊತ್ತಿಗೆ ಬೇವಿನ ಕೊಂಬೆ ತುದಿಗಳು ಸುಟ್ಟಂತೆ ಕಂದಾಗಿ ಒಣಗೋ ರೋಗ ಈಚಿನ ವರ್ಷಗಳಲ್ಲಿ ನಮ್ಮ ಕಡೆ, ತೆಲಂಗಾಣದ ಕಡೆ ಕಂಡಿದೆ. ಫೋಮಾಪ್ಸಿಸ್ ಅನ್ನೋ ಶಿಲೀಂಧ್ರದಿಂದ ಬರುತ್ತೆ. ಈ ಮರಕ್ಕೂ ತಗುಲಿತ್ತು. "ಅದು ಒಣಗಾಕತ್ತಿತ್ತು" ಅಂತ ಗುತ್ತಿಗೆದಾರರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆಮೇಲಿನ ಸಂಕ್ರಾಂತಿಯ ಫೋಟೋದಲ್ಲಿ ಮರ ಮತ್ತೆ ತುಂಬಿಕೊಂಡಿದೆ, ಪಡುವಣ ಬದಿ ಮಾತ್ರ ತೆಳು. ಆರೋಗ್ಯಕ್ಕೆ ನೂರಕ್ಕೆ 75 ಕೊಟ್ಟೆ. ಒಂದು ಬದಿಗೆ ವಿದ್ಯುತ್ ತಂತಿ ಹಾದಿತ್ತು, ಆ ಕಡೆ ಅದನ್ನು ಪೂರ್ತಿ ಹರಡಲು ಯಾವತ್ತೂ ಬಿಡ್ತಿರಲಿಲ್ಲ. ಅದಕ್ಕೆ 80. ಎರಡನ್ನೂ ಹಚ್ಚಿದರೆ 1,22,220.

ಅದರ ಮೇಲೆ ಕೈಯಿಂದ ಹೋದ ಖರ್ಚು. ಬದಲಿ ಗಿಡದ ಲಾರಿ ಬಾಡಿಗೆ, ಗುಂಡಿ, ನೆಡೋ ಕೂಲಿ 6,500. ಮುರಿದ ಬೇಲಿ ಕಲ್ಲು 9,500. ಬಿಟ್ಟು ಹೋದ ಕೊಂಬೆ ಸಾಗಿಸಿದ್ದು 3,500. ಬೇಸಿಗೆಗೆ ತಗಡಿನ ಮೇಲೆ ಹಾಕಿಸಿದ ಹಸಿರು ನೆಟ್ 4,200, ರಸೀದಿ ಇತ್ತು. ಎಲ್ಲ ಸೇರಿ 1,45,920 ರೂಪಾಯಿ. ಕಟ್ಟಿಗೆಯ 4,500ನ್ನು ಮೇಲೆ ಸೇರಿಸಲಿಲ್ಲ. ನಿಂತ ಮರದ ಪೂರ್ತಿ ಬೆಲೆ ಕೇಳಿದ ಮೇಲೆ ಅದರ ಕಟ್ಟಿಗೆಗೂ ಬೇರೆ ಕೇಳಿದರೆ ಒಂದೇ ಮರಕ್ಕೆ ಎರಡು ಸಲ ದುಡ್ಡು ಕೇಳಿದಂತೆ.

ಮಾತುಕತೆ

ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದರು. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂನಲ್ಲಿ ಕಳ್ಳತನಕ್ಕೆ ಕೊಟ್ಟಿರೋ ಮೊದಲ ಉದಾಹರಣೆಯೇ ಬೇರೆಯವರ ನೆಲದ ಮರ ಕಡಿಯೋದು. ನೆಲಕ್ಕೆ ಅಂಟಿಕೊಂಡಿರೋವರೆಗೆ ಮರ ಕಳ್ಳತನದ ವಸ್ತು ಅಲ್ಲ. ಕಡಿದು ಬೇರೆ ಮಾಡಿದ ಕೂಡಲೇ ಆಗುತ್ತೆ. ಆದರೆ ಅಪ್ರಾಮಾಣಿಕವಾಗಿ ಒಯ್ಯೋ ಉದ್ದೇಶ ಇತ್ತು ಅಂತ ತೋರಿಸಬೇಕು. ಇಲ್ಲಿ ಇದ್ದದ್ದು ಅಸಡ್ಡೆ. ವಕೀಲರು ಅದನ್ನೇ ಹೇಳಿ, ಪರಿಹಾರದ ದಾರಿ ಹಿಡಿಯೋಣ ಅಂದರು. ಬೇರೆಯವರ ಜಾಗದಲ್ಲಿ ಅತಿಕ್ರಮ ಮಾಡಿ ನಷ್ಟ ಮಾಡಿದ್ದಕ್ಕೆ ಸಿವಿಲ್ ದಾವೆ ಹೂಡಲು ಮೂರು ವರ್ಷದ ಅವಧಿ ಇದೆ. ಹಾಗಾಗಿ ಅವಸರ ಇರಲಿಲ್ಲ. ದಾವೆಗೆ ಮುಂಚೆಯೇ ಲೋಕ ಅದಾಲತ್‌ನಲ್ಲಿ ಕೂರೋದು ಅಂತಾಯಿತು. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ.

ಸೈಟಿನ ಮಾಲೀಕರು ಹೈದರಾಬಾದಿನಿಂದ ಬಂದರು. ಸಭ್ಯರು. ವರದಿಯನ್ನು ಮೊದಲಿಂದ ಕೊನೆವರೆಗೆ ಓದಿದರು. ಗುತ್ತಿಗೆದಾರರು ಮಾತ್ರ ಒಂದು ಒಳ್ಳೇ ಪ್ರಶ್ನೆ ಹಾಕಿದರು: "ಬೊಡ್ಡಿ ಚಿಗುರೇತಲ್ರಿ ಸರ್. ಮರ ತಿರುಗಿ ಬರ್ತೈತಿ. ಹಂಗಾದ್ರ ನಷ್ಟ ಎಲ್ಲೈತಿ?"

ಬೇವು ಚಿಗುರೋದು ನಿಜ. ಆದರೆ ಬೊಡ್ಡೆಯಿಂದ ಬರೋ ಚಿಗುರು ತೊಗಟೆಯ ಬದಿಯಿಂದ ಹೊರಡುತ್ತೆ. ಒಳಗಿನ ಹಳೇ ಚೇಗು ಕಾಲ ಕಳೆದಂತೆ ಕೊಳೆಯುತ್ತೆ, ಬುಡ ಸಡಿಲ ಆಗುತ್ತೆ. ದೊಡ್ಡದಾದ ಮೇಲೆ ಗಾಳಿಗೆ ಸೀಳಿ ಬೀಳೋ ಭಯ ಇರುತ್ತೆ. ಮಾಳಿಗೆ ಪಕ್ಕ ಅದನ್ನು ನಂಬೋಕಾಗಲ್ಲ. ನಂಬಿದರೂ ಇದ್ದ ನೆರಳು ಬರೋಕೆ ಇಪ್ಪತ್ತು ವರ್ಷ ಬೇಕು. ಇದನ್ನು ಹೇಳಿ ನಾನು ಸುಮ್ಮನಾದೆ. ಆಗ ಅಕ್ಕೋರು ಮೊದಲ ಸಲ ಬಾಯಿ ಬಿಟ್ಟರು. "ನನಗೀಗ ಅರವತ್ತೆಂಟು ವರ್ಷ ತಮ್ಮಾ" ಅಂದರು. ಗುತ್ತಿಗೆದಾರರು ತಲೆ ತಗ್ಗಿಸಿದರು.

1,10,000ಕ್ಕೆ ರಾಜಿ ಆಯಿತು. ಸೈಟಿನ ಮಾಲೀಕರು 70,000, ಗುತ್ತಿಗೆದಾರರು ಎರಡು ಕಂತಿನಲ್ಲಿ 40,000. ಬೇಲಿ ಕಲ್ಲನ್ನು ಗುತ್ತಿಗೆದಾರರೇ ನಿಲ್ಲಿಸಿಕೊಡಬೇಕು. ನನ್ನ ಲೆಕ್ಕಕ್ಕಿಂತ ಕಡಿಮೆಯೇ. ಇನ್ನೂ ಜಗ್ಗಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತೆ. ಆದರೆ ಪಕ್ಕದಲ್ಲಿ ಮನೆ ಕಟ್ಟಿ ಇರಬೇಕಾದವರು ಅವರು, ದಿನಾ ಮುಖ ನೋಡಬೇಕು ಅಂತ ಅಕ್ಕೋರೇ ಸಾಕು ಅಂದರು. ಮರ ಕಡಿಯೋಕೆ ಅನುಮತಿ ಇರಲಿಲ್ಲ ಅನ್ನೋದನ್ನು ಅರಣ್ಯ ಇಲಾಖೆಗೆ ಬೇರೆಯಾಗಿ ಬರೆದುಕೊಟ್ಟಿದ್ದರು. ಅದು ರಾಜಿಯೊಳಗೆ ಸೇರಲಿಲ್ಲ.

ಮುಂಗಾರು ಹಿಡಿದ ಮೇಲೆ ಕಡಿಯಂ ಗಿಡ ಬಂತು. ಬೊಡ್ಡೆಯಿಂದ ಹತ್ತು ಅಡಿ ದೂರ, ತಂತಿಯಿಂದ ಈಚೆಗೆ ನೆಟ್ಟೆವು. ಬಚ್ಚಲ ನೀರು ಅಲ್ಲಿಗೆ ಹಾಯೋ ಹಾಗೆ ಸಣ್ಣ ಕಾಲುವೆ ತೆಗೆಸಿದರು. ಬೊಡ್ಡೆಯ ಚಿಗುರಿನಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದಾರೆ, ಬೇವು ಬೆಲ್ಲದ ಹೂವಿಗೆ ಆಗುತ್ತೆ ಅಂತ.

ನೆಟ್ಟ ದಿನ ಅಕ್ಕೋರು ನನ್ನ ಕೈಯಿಂದ ಟೇಪು ಇಸಕೊಂಡರು. ನಾಲ್ಕೂವರೆ ಅಡಿ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ ಸುತ್ತಳತೆ ಅಳೆದರು. 31 ಸೆಂಟಿಮೀಟರ್. ಶಾಲೆಯ ಹಳೇ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದುಕೊಂಡರು. ಮನೆ ನಂಬರ್ ಕಾಣೋ ಹಾಗೆ ಗಿಡದ ಪಕ್ಕ ನಿಂತು ಮಗನ ಕೈಯಲ್ಲಿ ಫೋಟೋ ತೆಗೆಸಿಕೊಂಡರು. ಅದರ ಒಂದು ಪ್ರಿಂಟು ಹಾಕಿಸಿ, ಚಕ್ಕುಬಂದಿ ನಕ್ಷೆ ಇದ್ದ ಫೈಲಿನಲ್ಲೇ ಇಟ್ಟಿದ್ದಾರೆ.